ಸಿ ಡ್ರೈವ್‌ನಲ್ಲಿ ಏನೇನಿದೆ?

ಮಳೆಗಾಲದಲ್ಲಿ ಸಾಗರದ ಆ ಅಂಗಡಿಗೆ ಕಂಪ್ಯೂಟರುಗಳು ಬರುತ್ತಿದ್ದದ್ದು ರಸಗೊಬ್ಬರದ ಪ್ಲಾಸ್ಟಿಕ್ ಚೀಲ ಹೊದ್ದುಕೊಂಡು. ಮಾನಿಟರನ್ನು ಮನೆಯಲ್ಲೇ ಬಿಟ್ಟು, ಎಲ್ಲರೂ ಸಿಪಿಯು ಎಂದು ಕರೆಯುತ್ತಿದ್ದ ಡಬ್ಬವನ್ನಷ್ಟೇ ಬೈಕಿನ ಹಿಂದೆ ಕೂತವರು ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದರು. ಟೇಬಲ್ಲಿನ ಮೇಲೆ ಇಳಿಸಿದ ಕೂಡಲೇ ಹೇಳುತ್ತಿದ್ದ ಮಾತೂ ಒಂದೇ: ‘ತುಂಬಾ ಸ್ಲೋ ಆಗಿದೆ. ಒಂದ್ಸಲ ಫಾರ್ಮ್ಯಾಟ್ ಹೊಡ್ದುಬಿಡಿ.’

2003ರಲ್ಲಿ ಅವನಿಗೆ 19 ವರ್ಷ. ಡಿಪ್ಲೊಮಾ ಮುಗಿಸಿ ಅಂಗಡಿಗೆ ಸೇರಿ ಎರಡು ತಿಂಗಳಾಗಿತ್ತು. ಕೈಗೆ ಹತ್ತಿದ ಮೊದಲ ಕಸುಬೇ ಫಾರ್ಮ್ಯಾಟ್. ಬೂಟ್ ಫ್ಲಾಪಿ ಹಾಕಿ, ಕಪ್ಪು ಪರದೆಯ ಮೇಲೆ ‘ಫಾರ್ಮ್ಯಾಟ್ ಸಿ’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ, ಸಿ ಡ್ರೈವ್‌ನಲ್ಲಿರುವುದೆಲ್ಲ ಹೋಗುತ್ತದೆ, ಮುಂದುವರಿಯಲೇ ಎಂದು ಯಂತ್ರ ಕೇಳುತ್ತಿತ್ತು. ವೈ, ಎಂಟರ್. ಶೇಕಡಾ ಲೆಕ್ಕ ಒಂದೊಂದೇ ಏರುತ್ತಿತ್ತು. ಆಮೇಲೆ ವಿಂಡೋಸ್ 98ರ ಸಿ.ಡಿ., ಮದರ್‌ಬೋರ್ಡಿನ ಡ್ರೈವರ್, ಸೌಂಡ್, ಪ್ರಿಂಟರ್, ಆಫೀಸ್. ಡಿಸ್‌ಪ್ಲೇ ಡ್ರೈವರ್ ಬೀಳುವ ತನಕ ಪರದೆಯಲ್ಲಿ ಬರೀ 16 ಬಣ್ಣ, ದಪ್ಪ ದಪ್ಪ ಐಕಾನ್. ಅದು ಬಿದ್ದು ರೀಸ್ಟಾರ್ಟ್ ಆದೊಡನೆ ಎಲ್ಲವೂ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಆ ಗಳಿಗೆ ಅವನಿಗೆ ಬಹಳ ಇಷ್ಟ. ಗಿರಾಕಿಗಳಿಗೂ ಇಷ್ಟ. 250 ರೂಪಾಯಿ ಎಣಿಸಿ ಕೊಡುತ್ತಾ, ಆರು ತಿಂಗಳಿಗೊಮ್ಮೆ ಹೀಗೆ ಮಾಡಿಸುತ್ತಿದ್ದರೆ ಒಳ್ಳೆಯದಲ್ಲವೇ ಎಂದು ಕೇಳುತ್ತಿದ್ದರು. ಹೌದು ಎನ್ನುತ್ತಿದ್ದ.

ಆ ಹೌದಿಗೆ ಕಾರಣಗಳಿದ್ದವು. ವಿಂಡೋಸ್ 98 ತನ್ನ ಸೆಟ್ಟಿಂಗ್‌ಗಳನ್ನೂ ಹಾಕಿಸಿಕೊಂಡ ಪ್ರೋಗ್ರಾಂಗಳ ವಿವರವನ್ನೂ ರಿಜಿಸ್ಟ್ರಿ ಎಂಬ ಒಂದೇ ಗಂಟಿನಲ್ಲಿ ಕಟ್ಟಿಡುತ್ತಿತ್ತು. ಪ್ರೋಗ್ರಾಂ ತೆಗೆದುಹಾಕಿದರೂ ಅದರ ಪಳೆಯುಳಿಕೆ ಅಲ್ಲೇ ಉಳಿಯುತ್ತಿತ್ತು. ಎರಡು ಪ್ರೋಗ್ರಾಂಗಳು ಒಂದೇ ಹೆಸರಿನ ಡಿಎಲ್ಎಲ್ ಕಡತವನ್ನು ಬಳಸುತ್ತಿದ್ದರೆ, ಹೊಸದಾಗಿ ಬಂದದ್ದು ಹಳೆಯದರ ಮೇಲೆ ತನ್ನದನ್ನು ಬರೆದುಬಿಡುತ್ತಿತ್ತು. ಮೊದಲನೆಯದು ಅಲ್ಲಿಗೆ ಕೆಟ್ಟಂತೆ. ಅದರ ಮೇಲೆ ಮಲೆನಾಡಿನ ಕರೆಂಟು. ಫ್ಯಾಟ್ 32 ಎಂಬ ಆ ಕಾಲದ ಕಡತ ವ್ಯವಸ್ಥೆಗೆ, ಬರೆಯುತ್ತಿದ್ದ ಕೆಲಸ ಅರ್ಧಕ್ಕೆ ನಿಂತರೆ ಎಲ್ಲಿಗೆ ನಿಂತಿತೆಂದು ನೆನಪಿಟ್ಟುಕೊಳ್ಳುವ ಏರ್ಪಾಡು ಇರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ದಿನಕ್ಕೆ ಹತ್ತು ಸಲ ಕರೆಂಟು ಹೋದರೆ, ಹತ್ತು ಸಲ ನೀಲಿ ಪರದೆಯ ಸ್ಕ್ಯಾನ್‌ಡಿಸ್ಕ್. ಅದು ಹೆಕ್ಕಿದ ಅನಾಥ ತುಣುಕುಗಳು ಸಿ ಡ್ರೈವ್‌ನಲ್ಲಿ ‘ಫೈಲ್ 0000’, ‘ಫೈಲ್ 0001’ ಎಂದು ಸಾಲಾಗಿ ಬಂದು ಕೂರುತ್ತಿದ್ದವು. ಇಂಥ ಯಂತ್ರಕ್ಕೆ ಫಾರ್ಮ್ಯಾಟ್ ನಿಜವಾದ ಮದ್ದಾಗಿತ್ತು.

ಆದರೆ ಅದೊಂದೇ ಮದ್ದಾಗಿರಲಿಲ್ಲ. ವಿಂಡೋಸ್ 98 ದಿನಕ್ಕೊಂದರಂತೆ ರಿಜಿಸ್ಟ್ರಿಯ ಐದು ಪ್ರತಿಗಳನ್ನು ತಾನೇ ಎತ್ತಿಡುತ್ತಿತ್ತು. ಡಾಸ್‌ಗೆ ಹೋಗಿ ಒಂದು ಸಾಲಿನ ಆಜ್ಞೆ ಕೊಟ್ಟರೆ ನಿನ್ನೆಯ ಅಥವಾ ಮೊನ್ನೆಯ ಸ್ಥಿತಿಗೆ ಮರಳಬಹುದಿತ್ತು. ಐದು ನಿಮಿಷದ ಕೆಲಸ. ಇದು ಅವನಿಗೆ ತಿಳಿದದ್ದು ತಿಳಿಯಬೇಕಾದ ಹೊತ್ತು ಮೀರಿದ ಮೇಲೆ.

ಆ ಜುಲೈಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಕಂಪ್ಯೂಟರ್ ತಂದರು. ಪಿಂಚಣಿ ಬಂದ ಮೇಲೆ ಕೊಂಡದ್ದು: 64 ಎಂಬಿ ರ್‍ಯಾಮ್, 20 ಜಿಬಿ ಹಾರ್ಡ್ ಡಿಸ್ಕ್. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಹಾಕಿಕೊಂಡು, ಎರಡು ಬೆರಳಲ್ಲಿ ಟೈಪ್ ಮಾಡುವುದನ್ನು ತಾವೇ ಕಲಿತಿದ್ದರು. ಆನ್ ಆಗಲಿಕ್ಕೆ ಹತ್ತು ನಿಮಿಷ ತೆಗೆದುಕೊಳ್ಳುತ್ತದೆ, ನಡುವೆ ಎರಡು ಸಲ ನಿಂತುಬಿಡುತ್ತದೆ ಎಂಬುದು ಅವರ ದೂರು.

‘ಫೈಲ್ ಏನಾದ್ರೂ ಇದೆಯಾ ಮೇಷ್ಟ್ರೇ?’ ಎಂದು ಅವನು ಕೇಳಿದ.

‘ಇದೆ ಮಾರಾಯ, ನಾನು ಬರೆದಿದ್ದೆಲ್ಲ ಇದೆ. ಅದನ್ನ ತೆಗೆದಿಟ್ಕೊಂಡು ಮಾಡು.’

ಮೈ ಡಾಕ್ಯುಮೆಂಟ್ಸ್ ಫೋಲ್ಡರನ್ನು ಡಿ ಡ್ರೈವ್‌ಗೆ ಕಾಪಿ ಮಾಡಿದ. ಸಿ ಡ್ರೈವ್ ಒರೆಸಿದ. ಸಂಜೆಯೊಳಗೆ ಎಲ್ಲ ಮುಗಿಯಿತು.

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಮೇಷ್ಟ್ರು ಮೆಟ್ಟಿಲ ಮೇಲೆ ಕೂತಿದ್ದರು. ಫೈಲ್ ತೆರೆದರೆ ಕನ್ನಡವೇ ಇಲ್ಲವಂತೆ. ಅವನು ಅವರ ಮನೆಗೆ ಹೋಗಿ ನೋಡಿದ. ‘ಕನ್ನಡ’ ಎಂಬ ಪದ ಇರಬೇಕಾದಲ್ಲಿ ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಗೀಟು ಹೊತ್ತ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರು ಜೋಡಿ ಎಸ್‌ಗೆ ಬಳಸುವ ಅಕ್ಷರ, ಸಣ್ಣ ಕ್ಯೂ, ಇನ್ನೊಂದು ಗೀಟಿನ ಎ. ಪುಟದ ತುಂಬ ಅದೇ. ಆಗಿನ ನುಡಿ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕೂತಿರುತ್ತಿದ್ದವು. ಕಡತದಲ್ಲಿ ಇದ್ದದ್ದು ಆ ಸ್ಥಾನಗಳು ಮಾತ್ರ, ಅವುಗಳಿಗೆ ಕನ್ನಡದ ರೂಪ ಕೊಡುತ್ತಿದ್ದದ್ದು ಫಾಂಟ್. ಫಾಂಟ್ ಇದ್ದದ್ದು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನಲ್ಲಿ. ಅದು ಹೋದ ಮೇಲೆ ಉಳಿದದ್ದು ಆ ಗೀಟಿನ ಸಾಲುಗಳು. ಅವನು ಅಂಗಡಿಗೆ ಓಡಿ ನುಡಿಯ ಸಿ.ಡಿ. ತಂದು ಹಾಕಿದ. ಕನ್ನಡ ಮರಳಿ ಬಂತು. ಮೇಷ್ಟ್ರು ಉಸಿರು ಬಿಟ್ಟರು, ಒಳಗೆ ಕೂಗಿ ಕಾಫಿ ತರಿಸಿದರು.

ಕಾಫಿ ಕುಡಿಯುತ್ತಾ ಅವರು ಪರದೆ ನೋಡುತ್ತಲೇ ಇದ್ದರು. ‘ಅಮ್ಮ ಅಂತ ಒಂದು ಫೋಲ್ಡರ್ ಇತ್ತಲ್ಲಪ್ಪ, ಇಲ್ಲೇ, ಎದುರಿಗೇ. ಅದೆಲ್ಲಿ?’

ಎದುರಿಗೇ ಎಂದರೆ ಡೆಸ್ಕ್‌ಟಾಪ್ ಮೇಲೆ. ವಿಂಡೋಸ್ 98ರಲ್ಲಿ ಡೆಸ್ಕ್‌ಟಾಪ್ ಎಂಬುದು ಮೈ ಡಾಕ್ಯುಮೆಂಟ್ಸ್ ಒಳಗಿರುವುದಿಲ್ಲ. ಅದೂ ವಿಂಡೋಸ್ ಫೋಲ್ಡರಿನ ಒಳಗೇ ಇರುತ್ತದೆ. ಕಂಪ್ಯೂಟರ್ ಬಳಸುವವರಿಗೆ ಅದು ಮೇಜಿನ ಮೇಲೆ ಇಟ್ಟ ಕಾಗದದ ಹಾಗೆ, ಎಲ್ಲಕ್ಕಿಂತ ಹತ್ತಿರದ, ಎಲ್ಲಕ್ಕಿಂತ ಭದ್ರವಾದ ಜಾಗ. ಫಾರ್ಮ್ಯಾಟ್ ಹೊಡೆಯುವವನಿಗೆ ಅದು ಸಿ ಡ್ರೈವ್. ಈ ಎರಡು ತಿಳಿವಳಿಕೆಗಳ ನಡುವೆ 43 ಫೈಲುಗಳು ಬಿದ್ದುಹೋಗಿದ್ದವು. ಮೇಷ್ಟ್ರ ತಾಯಿ ಹೇಳುತ್ತಿದ್ದ ಹಸೆ ಹಾಡು, ಬೀಸುವ ಹಾಡು, ಶೋಭಾನೆ. ಒಂದು ಫೈಲಿಗೆ ಒಂದು ಹಾಡು. ತಾಯಿ ತೀರಿಕೊಂಡು ವರ್ಷವಾಗಿತ್ತು. ಕೊನೆಯ ಮಳೆಗಾಲದಲ್ಲಿ ಅವರ ಪಕ್ಕ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಆಮೇಲೆ ಟೈಪ್ ಮಾಡಿ, ಟೈಪ್ ಆಯಿತಲ್ಲ ಎಂದು ನೋಟ್‌ಬುಕ್ಕನ್ನು ಯಾರೋ ನೆಂಟರಿಗೆ ಕೊಟ್ಟಿದ್ದರು. ಅದು ಮರಳಿ ಬಂದಿರಲಿಲ್ಲ.

ಅವರು ಬೈಯಲಿಲ್ಲ. ‘ನೀನು ಕೇಳಿದ್ದೆ, ನಾನು ಸರಿಯಾಗಿ ಹೇಳಲಿಲ್ಲ’ ಎಂದರು. ಅವನು ಸರಿಯಾಗಿ ಕೇಳಿರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಹಾರ್ಡ್ ಡಿಸ್ಕ್ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದ. ಕಂಪ್ಯೂಟರ್ ಬಿಡಿಭಾಗದ ಅಂಗಡಿಗಳು ಒತ್ತಾಗಿ ಕೂತ ಆ ಬೀದಿಯಲ್ಲಿ, ಮೊದಲ ಮಹಡಿಯ ಒಂದು ಸಣ್ಣ ಕೋಣೆಯಲ್ಲಿ ಡೇಟಾ ತೆಗೆದುಕೊಡುವವರಿದ್ದರು. ಅಲ್ಲಿನ ಹಿರಿಯರು ಸಂಜೆಯ ತನಕ ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಫಾರ್ಮ್ಯಾಟ್ ಮಾಡಿದ ಮಾತ್ರಕ್ಕೆ ಅಕ್ಷರಗಳು ಅಳಿಯುವುದಿಲ್ಲ, ಯಾವ ತುಣುಕಿನ ನಂತರ ಯಾವ ತುಣುಕು ಎಂಬ ಪಟ್ಟಿ ಅಳಿಯುತ್ತದೆ ಎಂದು ತಿಳಿಸಿ ಹೇಳಿದರು. 5 ಜಿಬಿಯ ಆ ಸಿ ಡ್ರೈವ್‌ನಲ್ಲಿ ಒಂದು ತುಣುಕು ಎಂದರೆ 4 ಕೆಬಿ. 20 ಕೆಬಿಯ ಹಾಡಿಗೆ ಐದು ತುಣುಕು ಬೇಕು. ಐದೂ ಒತ್ತಟ್ಟಿಗೆ ಬಿದ್ದಿದ್ದರೆ ಹಾಡು ಸಿಗುತ್ತದೆ. ಚದುರಿದ್ದರೆ ತಲೆ ಸಿಕ್ಕರೂ ಬಾಲ ಸಿಗುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಒರೆಸಿದ ಜಾಗದ ಮೇಲೆ ಅವನೇ ನೂರಾರು ಎಂಬಿ ವಿಂಡೋಸ್ ಸುರಿದಿದ್ದ. ಅದರ ಅಡಿ ಸಿಕ್ಕಿಕೊಂಡದ್ದು ಯಾರಿಗೂ ಸಿಗದು.

17 ಹಾಡು ಇಡಿಯಾಗಿ ಸಿಕ್ಕವು. ಒಂಬತ್ತು ಅರ್ಧರ್ಧ.

ಆಮೇಲಿನ ಆರು ವಾರ, ಅಂಗಡಿ ಮುಚ್ಚಿದ ಮೇಲೆ ಅವನು ಮೇಷ್ಟ್ರ ಮನೆಗೆ ಹೋಗುತ್ತಿದ್ದ. ಮೇಷ್ಟ್ರು ನೆನಪಿನಿಂದ ಹೇಳುವುದು, ಅವನು ಟೈಪ್ ಮಾಡುವುದು. ಮೇಷ್ಟ್ರ ತಂಗಿ ಹೊಸನಗರದಿಂದ ಬಂದು ನಾಲ್ಕು ದಿನ ಇದ್ದು ಹತ್ತು ಹಾಡು ತುಂಬಿಸಿಕೊಟ್ಟರು. ಸಾಲು ನೆನಪಾಗದಲ್ಲಿ ಮೇಷ್ಟ್ರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ರಾಗ ಮಾತ್ರ ಗುನುಗಿ, ‘ಚುಕ್ಕಿ ಹಾಕು, ಮುಂದೆ ಹೋಗೋಣ’ ಎನ್ನುತ್ತಿದ್ದರು. ಎಲ್ಲ ಸೇರಿ 41 ಆಯಿತು. ಇನ್ನೆರಡು ಯಾವುವೆಂದೇ ಯಾರಿಗೂ ಹೊಳೆಯಲಿಲ್ಲ.

ಆ ದಿನಗಳಲ್ಲೇ ಅವನು ಒಂದು ನೂರು ಪುಟದ ನೋಟ್‌ಬುಕ್ ಕೊಂಡ. ಫಾರ್ಮ್ಯಾಟ್ ಮಾಡುವ ಪ್ರತಿ ಯಂತ್ರಕ್ಕೂ ಒಂದು ಪುಟ. ಮೇಲೆ ಬರೆಯುತ್ತಿದ್ದದ್ದು: ಸಿ ಡ್ರೈವ್‌ನಲ್ಲಿ ಏನೇನಿದೆ? ಕೆಳಗೆ ಡೆಸ್ಕ್‌ಟಾಪ್, ಫಾಂಟ್, ಟ್ಯಾಲಿ, ಔಟ್‌ಲುಕ್ ಎಕ್ಸ್‌ಪ್ರೆಸ್. ಆ ಕೊನೆಯದರ ಮೇಲ್‌ಗಳು ಬಚ್ಚಿಟ್ಟ ಫೋಲ್ಡರೊಂದರ ನಾಲ್ಕೈದು ಮಡಿಕೆ ಒಳಗೆ ಇರುತ್ತಿದ್ದವು. ಹುಡುಕದಿದ್ದರೆ ವರ್ಷಗಟ್ಟಲೆಯ ಪತ್ರವ್ಯವಹಾರ ಒಂದು ವೈ, ಎಂಟರ್‌ಗೆ ಹೋಗುತ್ತಿತ್ತು. ಎಷ್ಟು ಫೈಲ್ ಇತ್ತು, ಕಾಪಿ ಆದ ಮೇಲೆ ಎಷ್ಟು ಬಂತು ಎಂದು ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆಯುವುದು. ಅವು ಒಂದಾಗದೆ ಮುಂದಕ್ಕೆ ಹೋಗುವಂತಿಲ್ಲ.

ಮೇಷ್ಟ್ರ ಮನೆಯ ಟೈಪಿಂಗ್ ನಡೆಯುತ್ತಿದ್ದಾಗಲೇ ಬ್ಲಾಸ್ಟರ್ ಬಂತು. 2003ರ ಆಗಸ್ಟ್ 11ರಂದು ಹರಡತೊಡಗಿದ ಈ ಹುಳು ವಿಂಡೋಸ್ ಎಕ್ಸ್‌ಪಿ ಮತ್ತು 2000 ಇದ್ದ ಯಂತ್ರಗಳಿಗೆ ಯಾರೂ ಏನನ್ನೂ ಒತ್ತದೆಯೇ, ನೆಟ್‌ಗೆ ಸೇರಿದ್ದಷ್ಟಕ್ಕೇ ನುಗ್ಗುತ್ತಿತ್ತು. ಪರದೆಯ ಮೇಲೆ ಒಂದು ಪುಟ್ಟ ಚೌಕ ಎದ್ದು 60 ಸೆಕೆಂಡಿನಿಂದ ಇಳಿಲೆಕ್ಕ ಶುರುವಾಗುತ್ತಿತ್ತು. ಸೊನ್ನೆಗೆ ಬಂದರೆ ಯಂತ್ರ ರೀಸ್ಟಾರ್ಟ್. ಪೇಟೆಯ ಒಂದು ಸೈಬರ್ ಸೆಂಟರಿನ ಆರು ಯಂತ್ರಗಳಿಗೂ ಎಕ್ಸ್‌ಪಿ ಹೊಸದಾಗಿ ಹಾಕಿಕೊಡಲು ಅವನನ್ನು ಕಳಿಸಿದರು. ಎಕ್ಸ್‌ಪಿ ಹಾಕುವಾಗ ಇನ್ನು 39 ನಿಮಿಷ ಉಳಿದಿದೆ ಎಂದು ತೋರಿಸುವ ಆ ಪರದೆಯ ಎದುರು ರಾತ್ರಿ ಇಡೀ ಕೂತ. ಬೆಳಿಗ್ಗೆ ಹುಳುವನ್ನು ತಡೆಯುವ ತೇಪೆ ಇಳಿಸಿಕೊಳ್ಳೋಣ ಎಂದು ಮೊದಲ ಯಂತ್ರವನ್ನು ಫೋನ್ ಲೈನಿಗೆ ಜೋಡಿಸಿದ. ತೇಪೆ ಅರ್ಧ ಇಳಿಯುವುದರೊಳಗೆ ಅದೇ ಚೌಕ, ಅದೇ 60, 59, 58.

ಮತ್ತೆ ಮತ್ತೆ ವಿಂಡೋಸ್ ಹಾಕಿಸುವುದರ ಒಳಗಿರುವ ದೊಡ್ಡ ಮರೆವು ಅವನಿಗೆ ಕಂಡದ್ದು ಆಗ. ಸಿ.ಡಿ.ಯಲ್ಲಿರುವುದು ಆ ಸಿ.ಡಿ. ಮಾಡಿದ ದಿನದ ವಿಂಡೋಸ್. ಆ ದಿನದಿಂದ ಈಚೆಗೆ ಮುಚ್ಚಿದ ತೂತುಗಳೆಲ್ಲ ಅದರಲ್ಲಿ ಮತ್ತೆ ತೆರೆದಿರುತ್ತವೆ. ಬ್ಲಾಸ್ಟರ್ ನುಗ್ಗುತ್ತಿದ್ದ ತೂತಿಗೆ ಮೈಕ್ರೋಸಾಫ್ಟ್ ತೇಪೆ ಕೊಟ್ಟದ್ದು ಜುಲೈ 16ಕ್ಕೇ, ಹುಳು ಬರುವುದಕ್ಕೆ ಸುಮಾರು ನಾಲ್ಕು ವಾರ ಮೊದಲು. ಹೊಸದಾಗಿ ಹಾಕಿದ ವಿಂಡೋಸ್‌ಗೆ ಅದು ಗೊತ್ತಿಲ್ಲ. ಎಕ್ಸ್‌ಪಿಯ ಒಳಗೇ ಒಂದು ಫೈರ್‌ವಾಲ್ ಇತ್ತು, ಆದರೆ ಅದು ತಾನಾಗಿ ಆನ್ ಇರುತ್ತಿರಲಿಲ್ಲ. ತಾನಾಗಿ ಆನ್ ಆದದ್ದು 2004ರ ಆಗಸ್ಟಿನ ಸರ್ವಿಸ್ ಪ್ಯಾಕ್ 2ರಿಂದ. ಕೊನೆಗೆ ಶಿವಮೊಗ್ಗದ ಸ್ನೇಹಿತನಿಂದ ತೇಪೆಯನ್ನು ಸಿ.ಡಿ.ಯಲ್ಲಿ ತರಿಸಿ, ಫೋನ್ ವೈರ್ ಕಿತ್ತಿಟ್ಟು, ಒಂದೊಂದಕ್ಕೂ ಹಚ್ಚಿದ. ರಾತ್ರಿಯ ಫಾರ್ಮ್ಯಾಟ್ ಅಷ್ಟೂ ಬೇಕಿರಲಿಲ್ಲ. ಹುಳುವನ್ನು ತೆಗೆದು ತೇಪೆ ಹಚ್ಚಿದ್ದರೆ ಮಧ್ಯಾಹ್ನದೊಳಗೆ ಮುಗಿಯುತ್ತಿತ್ತು.

2006ರಲ್ಲಿ ಅವನು ಸ್ವಂತ ಅಂಗಡಿ ಇಟ್ಟ. ಆ ವರ್ಷಗಳು ಪೆನ್ ಡ್ರೈವ್‌ನಲ್ಲಿ ಹಬ್ಬುವ ವೈರಸ್‌ಗಳ ವರ್ಷಗಳು. ಅಡಿಕೆ ಮಂಡಿಯೊಂದರ ಕಂಪ್ಯೂಟರಿಗೆ ಒಂದೇ ವಾರದಲ್ಲಿ ಮೂರು ಸಲ ಫಾರ್ಮ್ಯಾಟ್ ಹೊಡೆದದ್ದು ಅವನ ಪುಸ್ತಕದಲ್ಲಿ ಇವತ್ತಿಗೂ ಇದೆ. ಪ್ರತಿ ಸಲವೂ ಸಿ ಡ್ರೈವ್ ಸ್ವಚ್ಛ, ಪ್ರತಿ ಸಲವೂ ಮರುದಿನ ಫೋಲ್ಡರಿನ ಹಾಗೆ ಕಾಣುವ ‘ನ್ಯೂ ಫೋಲ್ಡರ್’ ಎಂಬ ವೈರಸ್ ಹಾಜರು. ಮೂರನೆಯ ಸಲ ಕೂತು ನೋಡಿದಾಗ ಅದು ಸಿಕ್ಕಿದ್ದು ಡಿ ಡ್ರೈವ್‌ನ ಬಾಗಿಲಲ್ಲಿ, ಆಟೋರನ್ ಎಂಬ ಅಡಗಿಸಿಟ್ಟ ಸಣ್ಣ ಕಡತದ ರೂಪದಲ್ಲಿ. ಗುಮಾಸ್ತರು ಟ್ಯಾಲಿ ಲೆಕ್ಕ ನೋಡಲು ಡಿ ಡ್ರೈವ್ ಮೇಲೆ ಎರಡು ಸಲ ಕ್ಲಿಕ್ ಮಾಡಿದೊಡನೆ ಅದು ಎದ್ದು ಹೊಸ ವಿಂಡೋಸ್‌ಗೆ ಸೇರುತ್ತಿತ್ತು. ಕಾಪಾಡಬೇಕೆಂದು ಮುಟ್ಟದೆ ಬಿಟ್ಟ ಜಾಗದಲ್ಲೇ ಕಾಯಿಲೆ ಕೂತಿತ್ತು. ಎರಡು ಸಾಲಿನ ಆಜ್ಞೆಯಿಂದ ಅದನ್ನು ಅಳಿಸಿದ ಮೇಲೆ ಮತ್ತೆ ಬರಲಿಲ್ಲ. 2009ರ ವಿಂಡೋಸ್ 7 ಪೆನ್ ಡ್ರೈವ್‌ಗಳಿಗೆ ಈ ಆಟೋರನ್ ಸೌಲಭ್ಯವನ್ನೇ ತೆಗೆದುಹಾಕಿತು. ಎಕ್ಸ್‌ಪಿಗೂ 2011ರ ಫೆಬ್ರವರಿಯಲ್ಲಿ ಅದೇ ತೇಪೆ ಬಂತು. ಆಮೇಲೆ ಆ ಬಗೆಯ ಗಿರಾಕಿಗಳು ಕಡಿಮೆಯಾದರು.

ಫಾರ್ಮ್ಯಾಟ್ ಬೇಡ ಎಂದು ಅವನು ಎಂದೂ ಹಟ ಹಿಡಿದವನಲ್ಲ. 2021ರಲ್ಲಿ ಲೆಕ್ಕಪತ್ರ ನೋಡುವವರೊಬ್ಬರ ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಹೊಕ್ಕಿತ್ತು. ಅವನು ಒಂದು ನಿಮಿಷವೂ ಯೋಚಿಸಲಿಲ್ಲ. ಬೇಕಾದ ದಾಖಲೆಗಳನ್ನು ತೆಗೆದುಕೊಂಡು, ಸಿ ಮಾತ್ರವಲ್ಲ, ಡಿಸ್ಕ್ ಪೂರ್ತಿ ಒರೆಸಿ, ಬೇರೆ ಯಂತ್ರದಲ್ಲಿ ತಯಾರಿಸಿದ ಪೆನ್ ಡ್ರೈವ್‌ನಿಂದ ವಿಂಡೋಸ್ ಹಾಕಿದ. ಮನೆಯ ಬೀಗದ ಕೈ ಇನ್ನೊಬ್ಬರ ಕೈಗೆ ಹೋದ ಮೇಲೆ ಒಳಗೆ ಏನೇನು ಬಿಟ್ಟುಹೋಗಿದ್ದಾರೆಂದು ಹೇಳಲು ಬರುವುದಿಲ್ಲ. ಯಂತ್ರ ಮಾರುವಾಗಲೂ ಅಷ್ಟೇ, ಒರೆಸಲೇಬೇಕು.

ಅವನ ತಕರಾರು ಇರುವುದು ಕ್ಯಾಲೆಂಡರ್ ನೋಡಿ ಮಾಡಿಸುವ ಫಾರ್ಮ್ಯಾಟ್ ಬಗ್ಗೆ. ಮದುವೆ ಆಲ್ಬಂ ಮಾಡುವ ಸ್ಟುಡಿಯೋದವರೊಬ್ಬರು ಆರು ತಿಂಗಳಿಗೊಮ್ಮೆ ತಪ್ಪದೆ ಮಾಡಿಸುತ್ತಿದ್ದರು. ಮಾಡಿಸಿದ ಮೊದಲ ವಾರ ಚುರುಕು, ಆಮೇಲೆ ಯಥಾಪ್ರಕಾರ. 2018ರಲ್ಲಿ ಅವರು ಬಂದಾಗ ಅವನು ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸಿದ. ಪ್ರೊಸೆಸರ್ ಆರಾಮಾಗಿ ಇತ್ತು. ಡಿಸ್ಕ್ ಮಾತ್ರ ಶೇ. 100ರಲ್ಲಿ ನಿಂತಿತ್ತು. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಬೇಕಾದ ಅಕ್ಷರ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತಾದರೂ ಕಾಯಬೇಕು. ಅತ್ತಿತ್ತ ಹಬ್ಬಿದ ಸಾವಿರಾರು ಸಣ್ಣ ಕಡತಗಳನ್ನು ಓದುವ ಈಗಿನ ವಿಂಡೋಸ್‌ಗೆ ಈ ಕಾಯುವಿಕೆಯೇ ಭಾರ. ಎಸ್ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ. ಅವನು ಒಂದು ಪರೀಕ್ಷೆ ಮಾಡಿದ: ಹೊಸ ವಿಂಡೋಸ್ ಹಾಕದೆ, ಕೊಳೆಯಾಗಿದೆ ಎಂದು ಅವರು ದೂರುತ್ತಿದ್ದ ಅದೇ ವಿಂಡೋಸನ್ನು ಇದ್ದ ಹಾಗೇ ಎಸ್ಎಸ್‌ಡಿಗೆ ಕ್ಲೋನ್ ಮಾಡಿದ. ಮೂರ್ನಾಲ್ಕು ನಿಮಿಷ ತೆಗೆದುಕೊಳ್ಳುತ್ತಿದ್ದ ಯಂತ್ರ ಅರ್ಧ ನಿಮಿಷದೊಳಗೆ ಎದ್ದು ಕೂತಿತು. ಸ್ಟುಡಿಯೋದವರು ಇನ್ನೊಮ್ಮೆ ಆಫ್ ಮಾಡಿ ಆನ್ ಮಾಡಿಸಿ ನೋಡಿದರು. ಅಷ್ಟು ವರ್ಷ ದುಡ್ಡು ಕೊಟ್ಟು ತೊಳೆಸಿದ್ದರಲ್ಲಿ ಕೊಳೆ ಇರಲೇ ಇಲ್ಲ.

ಅವನ ಮೇಜಿನ ಮೇಲಿದ್ದ ಕಂಪ್ಯೂಟರಿಗೆ ವಿಂಡೋಸ್ 10 ಹಾಕಿದ್ದು 2017ರಲ್ಲಿ. ಆಮೇಲೆ ಒಮ್ಮೆಯೂ ಫಾರ್ಮ್ಯಾಟ್ ಕಂಡಿರಲಿಲ್ಲ. ಸ್ಲೋ ಆಯಿತು ಎಂದು ಬಂದವರಿಗೆ ಮೊದಲು ಆನ್ ಆಗುವಾಗ ತಾವಾಗಿ ಏಳುವ ಪ್ರೋಗ್ರಾಂಗಳನ್ನು ನಿಲ್ಲಿಸಿ ತೋರಿಸುತ್ತಾನೆ, ಡಿಸ್ಕಿನ ಆರೋಗ್ಯ ನೋಡುತ್ತಾನೆ, ಫ್ಯಾನಿಗೆ ಮೆತ್ತಿಕೊಂಡ ಧೂಳು ಊದುತ್ತಾನೆ. ಅಷ್ಟಕ್ಕೂ ಬಗ್ಗದಿದ್ದರೆ ರೀಸೆಟ್. 2012ರ ವಿಂಡೋಸ್ 8ರಿಂದ ಅದು ವಿಂಡೋಸ್ ಒಳಗೇ ಇದೆ, ಸಿ.ಡಿ. ಹುಡುಕಬೇಕಿಲ್ಲ. ‘ನನ್ನ ಫೈಲ್‌ಗಳನ್ನು ಉಳಿಸಿಕೋ’ ಎಂಬ ಆಯ್ಕೆ ಫೈಲ್‌ಗಳನ್ನು ಉಳಿಸುತ್ತದೆ, ಹಾಕಿಸಿಕೊಂಡ ಪ್ರೋಗ್ರಾಂಗಳನ್ನು ಉಳಿಸುವುದಿಲ್ಲ. ಇದನ್ನು ಅವನು ಪ್ರತಿಯೊಬ್ಬರಿಗೂ ಎರಡು ಸಲ ಹೇಳುತ್ತಾನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಆ ವಾರ ಅಂಗಡಿಗೆ ಬಂದವರಲ್ಲಿ ಮೇಷ್ಟ್ರ ಮಗನೂ ಒಬ್ಬರು. ಮೇಷ್ಟ್ರು 2019ರಲ್ಲಿ ತೀರಿಕೊಂಡಿದ್ದರು. ಅದರ ಹಿಂದಿನ ವರ್ಷ ಮಗ ಕೊಡಿಸಿದ್ದ ಲ್ಯಾಪ್‌ಟಾಪ್ ಈಗ ಮೊಮ್ಮಗಳ ಕೈಯಲ್ಲಿದೆ.

‘ಫಾರ್ಮ್ಯಾಟ್ ಮಾಡಿ ಹನ್ನೊಂದು ಹಾಕ್ಕೊಟ್ಬಿಡಿ. ಒಳಗೆ ಏನೂ ಇಲ್ಲ, ಎಲ್ಲ ಅವಳ ಫೋನಲ್ಲಿದೆ.’

‘ನೋಡ್ತೀನಿ ಇರಿ’ ಎಂದ.

11 ಕೇಳುವ ಎಂಟನೇ ತಲೆಮಾರಿನ ಪ್ರೊಸೆಸರ್, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಎರಡೂ ಇದ್ದವು. ವಿಂಡೋಸ್ 10ರ ಮೇಲೇ 11 ಕೂರಿಸಬಹುದು, ಒರೆಸಬೇಕಿಲ್ಲ. ಆದರೂ ಪುಸ್ತಕ ತೆಗೆದು ಹೊಸ ಪುಟದಲ್ಲಿ ಬರೆದ: ಸಿ ಡ್ರೈವ್‌ನಲ್ಲಿ ಏನೇನಿದೆ? ಡೆಸ್ಕ್‌ಟಾಪ್ ಮೇಲೆ ಮೊಮ್ಮಗಳ ಆಟಗಳ ಐಕಾನ್‌ಗಳ ಹಿಂದೆ, ಎಡಗಡೆಯ ಮೂಲೆಯಲ್ಲಿ ಒಂದು ಫೋಲ್ಡರ್. ಹೆಸರು ಕನ್ನಡದಲ್ಲೇ ಇತ್ತು: ‘ಅಮ್ಮ’. 2012ರಲ್ಲಿ ಆ ಫೈಲ್‌ಗಳನ್ನೆಲ್ಲ ಯೂನಿಕೋಡ್‌ಗೆ ಬದಲಿಸಿಕೊಟ್ಟದ್ದು ಅವನೇ. ಈಗ ಯಾವ ಹೊಸ ವಿಂಡೋಸ್‌ನಲ್ಲಿ ತೆರೆದರೂ ಆ ಗೀಟಿನ ಸಾಲುಗಳು ಬರುವುದಿಲ್ಲ, ಕನ್ನಡ ಕನ್ನಡವಾಗಿಯೇ ಕಾಣುತ್ತದೆ.

ಪೆನ್ ಡ್ರೈವ್‌ಗೆ ಕಾಪಿ ಮಾಡಿದ. ಸರಿಯಾಗಿ ಬಂದಿದೆಯೇ ಎಂದು ನೋಡಲು ಅದರಲ್ಲೊಂದನ್ನು ತೆರೆದ. ಬೀಸುವ ಹಾಡು. ಏಳನೆಯ ಸಾಲಿನ ಜಾಗದಲ್ಲಿ ಉದ್ದಕ್ಕೂ ಚುಕ್ಕಿಗಳು, ಅವನೇ ಒತ್ತಿದ್ದವು. ಮುಚ್ಚಿದ. ಎರಡೂ ಕಡೆ ಬಲಗುಂಡಿ ಒತ್ತಿ ಲೆಕ್ಕ ನೋಡಿ, ಪುಸ್ತಕದಲ್ಲಿ ಅಕ್ಕಪಕ್ಕ ಬರೆದುಕೊಂಡ: 41, 41. ಆಮೇಲೆ 11ರ ಕೆಲಸ ಶುರು ಮಾಡಿದ.